ಒಂದು ದಂಡೆ ಹೆಚ್ಚಿಗೆ

ರಾತ್ರಿಯಿಡೀ ಹನಿದ ಜೂನ್ ತಿಂಗಳ ಮಳೆ ಬೆಳಗಿನ ಜಾವಕ್ಕೆ ನಿಂತಿದೆ. ವಾಲ್ಯಾ ತೇಯ್ ಊರಿನ ಶಾಲೆಯ ಮುಂದೆ ಲಿಂಡನ್ ಮರಗಳಿಂದ ನೀರಿನ ಜೊತೆಗೆ ಕಂಪೂ ತೊಟ್ಟಿಕ್ಕುತ್ತಿದೆ. ಜಗಲಿಯಲ್ಲಿ ಕುಳಿತ ಸಾಫ್ತಾ ಅಜ್ಜಿ ಒದ್ದೆ ಹೂಗಳನ್ನು ಮಡಿಲಲ್ಲಿ ಹರವಿಕೊಂಡು ದಂಡೆ ಕಟ್ಟುತ್ತಿದ್ದಾರೆ. ಇವತ್ತು ಶಾಲೆಯ ಕೊನೆಯ ದಿನ. ರೊಮೇನಿಯಾದ ಮಕ್ಕಳು ಹೂದಂಡೆ ಮುಡಿದೇ ಬೇಸಿಗೆ ರಜೆಗೆ ಹೊರಡುವುದು.

"ಬಹುಮಾನ ಬಂದವ್ರಿಗೆ ಮಾತ್ರ ಅಂತಾರೆ ಮೇಷ್ಟ್ರು. ಕೂಸುಗಳಲ್ಲಿ ಮೊದಲ್ನೇದ್ಯಾವುದು, ಕೊನೆಯದ್ಯಾವುದು? ನಾನು ಎಲ್ಲಕ್ಕೂ ಕಟ್ತೀನಿ" ಎನ್ನುತ್ತಾರೆ.

ಗಂಡ ಕಾಡಿನಲ್ಲಿ ಮರ ಬಿದ್ದು ತೀರಿಕೊಂಡ ವರ್ಷ ಈ ಶಾಲೆಯ ಪೊರಕೆ ಹಿಡಿದವರು ಅವರು. ಗುಡಿಸುವುದು, ಚಳಿಗಾಲದಲ್ಲಿ ಒಲೆ ಹೊತ್ತಿಸುವುದು, ಗಂಟೆ ಹೊಡೆಯುವುದು, ಎಲ್ಲವೂ ಅವರದೇ. ಆ ಸಂಬಳದಲ್ಲೇ ಬೆಳೆದ ಒಬ್ಬಳೇ ಮಗಳು ಈಗ ಜರ್ಮನಿಯ ಬವೇರಿಯಾದಲ್ಲಿ ಮುದುಕರ ಆರೈಕೆ ಮಾಡುತ್ತಾಳೆ. ಮೊಮ್ಮಗಳು ಇಲಿಂಕಾ ಓದುವುದೂ ಅಲ್ಲೇ.

ಇಲಿಂಕಾ ಶಾಲೆಗೆ ಸೇರಿದ ಮೊದಲ ವರ್ಷ ಸಾಫ್ತಾ ಒಂದು ದಂಡೆ ಹೆಚ್ಚಿಗೆ ಕಟ್ಟಿ, ಬಸ್ಸು ನಿಲ್ಲುವಲ್ಲಿ ಕತ್ತಲಾಗುವವರೆಗೂ ಕಾದರು. "ಲಿಂಡನ್ ಹೂ ಬಿಡ್ತು ಅಂದ್ರೆ ಎಲ್ಲಾ ಕಡೆ ಶಾಲೆ ಮುಚ್ತದೆ ಅಂತ ನನ್ನ ಲೆಕ್ಕ." ಅಲ್ಲಿ ಜುಲೈ ಮುಗಿಯುವವರೆಗೂ ಪಾಠವಿದೆ ಎಂದು ಮಗಳು ಫೋನಿನಲ್ಲಿ ಹೇಳಿದ ಮೇಲೆ ದಂಡೆಯನ್ನು ದೇವಮಾತೆಯ ಪಟದ ಕೆಳಗೆ ಮೊಳೆಗೆ ನೇತುಹಾಕಿದರು. ಆಗಸ್ಟಿನಲ್ಲಿ ಮಗು ಬಂದಾಗ ಅದು ಮುಟ್ಟಿದರೆ ಪುಡಿಪುಡಿ. ಪ್ರತಿ ವರ್ಷವೂ ಇದೇ ಕಥೆ.

"ಮೇಕೆಗೆ ಒಳ್ಳೆ ಮೇವು ಒಣಗಿಸ್ತೀಯ" ಎಂದು ನೆರೆಮನೆಯ ಜೇನು ಸಾಕುವ ಗಾವ್ರಿಲ ಛೇಡಿಸುತ್ತಾರೆ. ಮೇಕೆಗಾದರೂ ಕೃತಜ್ಞತೆ ಇದೆ ಎಂಬುದು ಸಾಫ್ತಾರ ಉತ್ತರ.

ಈ ಸಲ ಅವರು ಸುಮ್ಮನೆ ಕುಳಿತಿಲ್ಲ. ಒಣಗಿದರೂ ಬಣ್ಣ ಬಿಡದ, ಎಸಳು ಉದುರದ ಹೂವಿನ ಬೀಜ ತಂದು, ಹಿಮ ಬೀಳುವಾಗಲೇ ಕಿಟಕಿಯ ಪಕ್ಕ ಕುಂಡದಲ್ಲಿ ಬಿತ್ತಿದ್ದರು. ಬಿಟ್ಟ ಅಷ್ಟೂ ಹೂವನ್ನು ಇಲಿಂಕಾಗೆಂದು ಒಂದೇ ದಂಡೆಗೆ ಕಟ್ಟಿ ಮೊಳೆಗೆ ಹಾಕಿದ್ದಾರೆ. "ಒಂದೇ ಒಂದ್ಸಲ ಅವಳ ತಲೆ ಮೇಲೆ ನಿಲ್ಲಬೇಕು. ಇನ್ನೇನೂ ಬೇಡ."

ಹೊತ್ತೇರಿದ ಮೇಲೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಸಾಫ್ತಾ ಒಬ್ಬೊಬ್ಬರ ತಲೆಗೂ ದಂಡೆ ಇಡುತ್ತಾ ಬರುತ್ತಾರೆ. ಸಾಲಿನ ಕೊನೆಯಲ್ಲಿ ಒಂದು ತಲೆ ಬರಿದು. ಅವಳು ಅನೀಕಾ, ಗಾವ್ರಿಲರ ಮೊಮ್ಮಗಳು. ಅವಳು ಓದುವ ಇಟಲಿಯಲ್ಲಿ ಶಾಲೆಗಳು ಆಗಲೇ ಮುಚ್ಚಿವೆ. ತಾತನ ಊರಿಗೆ ಬಂದವಳು, ಹಗಲಲ್ಲಿ ಆಡಲು ಯಾರೂ ಇಲ್ಲವೆಂದು ಎರಡು ವಾರದಿಂದ ಇಲ್ಲೇ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಾಳೆ. ಹಾಜರಿ ಪುಸ್ತಕದ ಹೆಸರು ಎಣಿಸಿ ಕಟ್ಟಿದ ಸಾಫ್ತಾರ ಲೆಕ್ಕದಲ್ಲಿ ಅವಳಿರಲಿಲ್ಲ. ಹುಡುಗಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಾಳೆ.

ಸಾಫ್ತಾ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ರಸ್ತೆ ದಾಟಿ ಮನೆಗೆ ಹೋಗಿ, ಶಿಲುಬೆಯ ಗುರುತು ಮಾಡಿಕೊಂಡು, ಮೊಳೆಯಿಂದ ದಂಡೆ ತೆಗೆದು ತರುತ್ತಾರೆ.

"ತಡ ಆಯ್ತವ್ವಾ, ನಿಂದು ಮನೇಲಿ ಮರೆತು ಬಂದಿದ್ದೆ."

ಬೇಲಿಯಾಚೆ ನಿಂತ ಗಾವ್ರಿಲರಿಗೆ ಆ ದಂಡೆ ಯಾರಿಗೆಂದು ಕಟ್ಟಿದ್ದೆಂಬುದು ಗೊತ್ತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿಯುತ್ತಾರೆ.

ಆಗಸ್ಟಿನಲ್ಲಿ, ದೇವಮಾತೆಯ ಹಬ್ಬದ ಹಿಂದಿನ ದಿನ, ಇಲಿಂಕಾ ಬರುತ್ತಾಳೆ. ಶಾಲೆಗೆ ಬೀಗ, ಮೊಳೆ ಬರಿದು. ಸಾಫ್ತಾ ಮಗುವಿನ ಕೂದಲು ಬಾಚುತ್ತಾ ಕುಳಿತಿದ್ದಾರೆ, ಬಾಚಿದ್ದನ್ನೇ ಮತ್ತೆ ಬಾಚುತ್ತಾ.

ಗಾವ್ರಿಲ ಬೇಲಿಯ ಬಾಗಿಲು ತೆರೆದು ಬರುತ್ತಾರೆ. ಟೋಪಿ ತೆಗೆದರೆ ಅದರೊಳಗೆ ಒಂದು ದಂಡೆ: ಆಗಸ್ಟಿನ ಸೇವಂತಿಗೆ, ನಡುನಡುವೆ ತುಳಸಿಯಂಥ ಕಂಪಿನ ಎಲೆ, ಇಬ್ಬನಿ ಇನ್ನೂ ಆರಿಲ್ಲ. ಜೇನುಗೂಡು ಬಿಗಿಯುವ ಹುರಿಯಲ್ಲಿ ಸೊಟ್ಟಸೊಟ್ಟಗೆ ಕಟ್ಟಿದ್ದಾರೆ.

"ಜೇನುನೊಣ ಯಾವುದೂ ಒಳಗಿಲ್ಲ, ನೋಡಿದೀನಿ" ಎಂದು ಅದನ್ನು ಸಾಫ್ತಾರ ಕೈಗಿಟ್ಟು, ಟೋಪಿ ಹಾಕಿಕೊಂಡು ಹೊರಟುಹೋಗುತ್ತಾರೆ.