ಮೂರು ಬೆರಳು ತಗ್ಗಿದ ಕಾರು

ನಮ್ಮತ್ತೆ ಸೊಂಟ ಮುರಿದುಕೊಂಡದ್ದು ಬಾವಿಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿ. ಆಗ ಯುದ್ಧ ಮುಗಿದು, ದಂಡಿನಲ್ಲಿದ್ದ ಬಿಳಿ ಸೋಲ್ಜರುಗಳು ಗುಂಪುಗುಂಪಾಗಿ ತಮ್ಮ ಊರಿಗೆ ಹೊರಡುತ್ತಿದ್ದರು. ನಾನು ಹಲಸೂರಿನ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ ತುಂಬಿರಲಿಲ್ಲ. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಾಗ ಅತ್ತೆಯ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು. ಕೋಲೂರಿಕೊಂಡು ಮನೆಯೊಳಗೆ ಓಡಾಡುತ್ತಿದ್ದರು, ಬೀದಿಗೆ ಮಾತ್ರ ಇಳಿಯುತ್ತಿರಲಿಲ್ಲ.

ಅವರಿಗೆ ಹೋಗಬೇಕೆಂದಿದ್ದ ಜಾಗ ಒಂದೇ. ಕೆ.ಆರ್. ಪುರದಲ್ಲಿದ್ದ ತಂಗಿಯ ಮನೆ. ಆಕೆಗೆ ಉಬ್ಬಸ. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು, ಅಷ್ಟು ದೂರ ಬರುವ ಹಾಗಿರಲಿಲ್ಲ. ಅತ್ತೆಯನ್ನು ಆಸ್ಪತ್ರೆಯಿಂದ ತರುವಾಗ ಇಬ್ಬರು ಗಂಡಸರು ಎತ್ತಿ ಜಟಕಾದಲ್ಲಿ ಕೂರಿಸಿದ್ದರು. ಅದನ್ನು ಅವರು ಮರೆತಿರಲಿಲ್ಲ. “ಇನ್ನೊಂದ್ಸಲ ನನ್ನನ್ನ ಮೂಟೆ ಎತ್ತಿದಂಗೆ ಎತ್ತಿದ್ರೆ ಅಲ್ಲೇ ಪ್ರಾಣ ಬಿಡ್ತೀನಿ,” ಎಂದಿದ್ದರು.

ನನ್ನ ಗಂಡ ಊರಿನ ಪೂರ್ವಕ್ಕಿದ್ದ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ಅಮ್ಮನಿಗಾಗಿಯೇ ಅವರು ಕಾರೊಂದನ್ನು ತಂದರು. ಊರಿಗೆ ಹೊರಟಿದ್ದ ಒಬ್ಬ ಆಫೀಸರ ಬಂಗಲೆಯ ಹಿತ್ತಲಲ್ಲಿ, ಎಂಜಿನ್ ಕೆಟ್ಟು, ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಕರಿ ಕಾರು ಅದು. ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದಾಗ ಬೀದಿಯೆಲ್ಲ ನಕ್ಕಿತು. ಎರಡು ತಿಂಗಳು ಪ್ರತಿ ಭಾನುವಾರ ಅದರಡಿಯಲ್ಲೇ ಮಲಗಿ ಕೊನೆಗೂ ಎಂಜಿನ್ ಓಡುವಂತೆ ಮಾಡಿದರು.

ಆ ದಿನ ಅತ್ತೆ ಮಗ್ಗದ ಸೀರೆ ಉಟ್ಟು, ತಂಗಿಗೆಂದು ಹುರಿಗಾಳಿನ ಡಬ್ಬಿ ಹಿಡಿದು ಅಂಗಳಕ್ಕೆ ಬಂದರು. ಕಾರಿನ ಬಾಗಿಲು ಹಿಡಿದು ಕಾಲೆತ್ತಿದರು. ಫುಟ್‌ಬೋರ್ಡಿಗೆ ಕಾಲು ಎಟುಕಲಿಲ್ಲ. ಮತ್ತೆರಡು ಸಲ ಪ್ರಯತ್ನಿಸಿದರು. ನನ್ನ ಗಂಡ ಓಡಿಹೋಗಿ ಒಂದು ಮಣೆ ತಂದಿಟ್ಟರು. ಅದರ ಮೇಲೆ ಕಾಲಿಟ್ಟದ್ದೇ ತಡ, ಮಣೆ ಒಂದಿಷ್ಟು ಅಲ್ಲಾಡಿತು, ಅಷ್ಟೆ. ಅತ್ತೆಯ ಮುಖ ಬಿಳುಚಿಕೊಂಡಿತು.

“ಹತ್ತಿದ್ರೆ ನೆಲದಿಂದಲೇ ಹತ್ತೋದು, ಮಣೆಗಿಣೆ ಮೇಲೆ ನಾನು ಕಾಲಿಡಲ್ಲ ಕಣೋ,” ಎಂದು ತಿರುಗಿ ಒಳಗೆ ಹೋದರು. ಹುರಿಗಾಳಿನ ಡಬ್ಬಿ ಬಾನೆಟ್ ಮೇಲೆಯೇ ಉಳಿಯಿತು.

ಮರುದಿನ ನಾನೊಂದು ದಾರ ಹಿಡಿದು ಅಳೆದೆ. ಪಡಸಾಲೆಯಿಂದ ನಡುಮನೆಗೆ ಒಂದು ಎತ್ತರದ ಮೆಟ್ಟಿಲಿತ್ತು. ಅದನ್ನು ಅತ್ತೆ ದಿನಕ್ಕೆ ಹತ್ತು ಸಲ ಗೋಡೆ ಹಿಡಿದು ಹತ್ತುತ್ತಿದ್ದರು. ಕಾರಿನ ಫುಟ್‌ಬೋರ್ಡು ಆ ಮೆಟ್ಟಿಲಿಗಿಂತ ಮೂರು ಬೆರಳಷ್ಟು ಎತ್ತರವಿತ್ತು. ಸಂಜೆ ಗಂಡನಿಗೆ ಹೇಳಿದೆ.

“ಮೂರೇ ಬೆರಳಾ? ಹಾಗಾದ್ರೆ ಕಾರನ್ನೇ ಇಳಿಸ್ಬಿಡ್ತೀನಿ,” ಎಂದರು.

ಆ ಕಾಲದ ಕಾರುಗಳು ಕೂರುತ್ತಿದ್ದದ್ದು ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ. ಉದ್ದದ ಪಟ್ಟಿಯ ಕೆಳಗೆ ಅದಕ್ಕಿಂತ ಗಿಡ್ಡದ್ದು, ಅದರ ಕೆಳಗೆ ಇನ್ನೂ ಗಿಡ್ಡದ್ದು, ಹೀಗೆ ಏಳು ಪಟ್ಟಿ ಸೇರಿ ಒಂದು ಕಟ್ಟು. ಚಕ್ರಕ್ಕೊಂದರಂತೆ ನಾಲ್ಕು ಕಟ್ಟು. ಬಾಗು ಕಡಿಮೆಯಾದಷ್ಟೂ ಕಾರು ನೆಲಕ್ಕೆ ಹತ್ತಿರವಾಗುತ್ತದೆ. ಗಂಡ ಸುಲಭದ ದಾರಿ ಹಿಡಿದರು. ಕಾರನ್ನು ಜಾಕಿನಿಂದ ಎತ್ತಿ ಕಲ್ಲುಚಪ್ಪಡಿಗಳ ಮೇಲೆ ಕೂರಿಸಿ, ಹಿಂದಿನ ಎರಡು ಕಟ್ಟುಗಳಿಂದ ಎರಡೆರಡು ಪಟ್ಟಿ ತೆಗೆದುಬಿಟ್ಟರು. ಒಂದು ಉದ್ದದ ಪಟ್ಟಿಯನ್ನು ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯಿಸಿ ಬಾಗು ಬಿಡಿಸಿದರು.

ಅತ್ತೆ ಕಿಟಕಿಯಿಂದ ನೋಡುತ್ತಿದ್ದರು. “ಬೆಂಕಿಗೆ ಇಡಬೇಡ ಕಣೋ, ಹದ ಹೋಗ್ಬಿಡುತ್ತೆ.”

“ಇದು ಎತ್ತಿನಗಾಡಿ ಅಲ್ಲಮ್ಮ,” ಎಂದರು ಇವರು, ತಲೆಯೆತ್ತದೆ.

ಅತ್ತೆ ಕಿಟಕಿಯಿಂದ ಸರಿದರು. ಇವರ ಅಪ್ಪ, ಅಂದರೆ ನನ್ನ ಮಾವ, ಅದೇ ಮನೆಯ ಮುಂಭಾಗದಲ್ಲಿ ಕುಲುಮೆ ನಡೆಸಿದವರು. ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟಾ ಹಾಕುತ್ತಿದ್ದರು. ಅವರು ಹೋದ ಮೇಲೆ ಕುಲುಮೆಗೆ ಬೀಗ ಬಿತ್ತು. ಮಗ ಕಾರ್ಖಾನೆ ಸೇರಿ, ಆ ಮಸಿಯನ್ನು ದಾಟಿ ಬಂದೆನೆಂದುಕೊಂಡಿದ್ದರು.

ಪರೀಕ್ಷೆಗೆಂದು ಹಿಂದಿನ ಸೀಟಿನಲ್ಲಿ ಎರಡು ಮೂಟೆ ರಾಗಿ, ಮೂಟೆಗಳ ನಡುವೆ ನಾನು. ಮದ್ರಾಸು ರಸ್ತೆಯಲ್ಲಿ ಅರ್ಧ ಮೈಲಿ ಹೋಗುವುದರೊಳಗೆ ಪ್ರತಿ ಹಳ್ಳಕ್ಕೂ ಕಾರಿನ ಹೊಟ್ಟೆ ದಢಾರೆಂದು ಬಡಿಯತೊಡಗಿತು. ಟೈರು ಮಡ್‌ಗಾರ್ಡಿಗೆ ಉಜ್ಜಿ ರಬ್ಬರಿನ ವಾಸನೆ. ಮರುದಿನ ಬೆಳಿಗ್ಗೆ ನೋಡಿದರೆ, ಕಾಯಿಸಿದ ಪಟ್ಟಿಯಿದ್ದ ಕಡೆಗೆ ಕಾರು ವಾಲಿಕೊಂಡು ನಿಂತಿತ್ತು.

ಇವರು ಆ ಪಟ್ಟಿಯನ್ನು ಬಿಚ್ಚಿಕೊಂಡು, ನಾವಾಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಈಗಿನ ಶಿವಾಜಿನಗರಕ್ಕೆ ಹೋದರು. ಅಲ್ಲಿ ಮಿಲಿಟರಿ ಲಾರಿಗಳ ಹಳೆ ಸಾಮಾನು ಮಾರುವ ಸಾಬರೊಬ್ಬರಿದ್ದರು. ಅವರು ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ ಕೇಳಿದರಂತೆ, “ಇದುಕ್ಕೆ ಬೆಂಕಿ ಇಟ್ಟಿದ್ದು ಯಾರು ಸಾಮಿ? ಖತಮ್ ಆಗ್ಹೋಯ್ತು. ನಿಮ್ಮನೇಲಿ ಕೆಲಸ ಗೊತ್ತಿರೋ ದೊಡ್ಡೋರು ಯಾರೂ ಇಲ್ವಾ?”

ಇವರು ಬೇರೆ ಪಟ್ಟಿ ತಂದು ಅಂಗಳದಲ್ಲಿಟ್ಟು, ಸಾಬರು ಹೇಳಿದ್ದನ್ನು ಹಾಗೆಯೇ ಅಮ್ಮನ ಮುಂದೆ ಹೇಳಿದರು. ಆಮೇಲೆ, “ಏನ್ ಮಾಡ್ಬೇಕಮ್ಮ?” ಎಂದು ಕೇಳಿದರು.

“ತಣ್ಣಗಿದ್ದಂಗೇ ಬಡೀಬೇಕು. ಒಂದೂ ಪಟ್ಟಿ ತೆಗೀಬಾರ್ದು. ಎಲ್ಲದರ ಬಾಗೂ ಒಂದೇ ಸಮ ಇಳೀಬೇಕು.”

“ಇಪ್ಪತ್ತೆಂಟು ಪಟ್ಟಿ ಇದೆ. ನನಗಿರೋದು ಭಾನುವಾರ ಒಂದೇ.”

“ನಿನ್ನನ್ನ ಯಾರು ಕೇಳಿದ್ರು? ಅವಳಿದಾಳಲ್ಲ,” ಎಂದು ಅತ್ತೆ ನನ್ನ ಕಡೆ ಕೋಲು ತೋರಿಸಿದರು.

ನಾನು ಬೆಚ್ಚಿಬಿದ್ದೆ. ಅತ್ತೆ ಅದುವರೆಗೆ ನನ್ನೊಡನೆ ಮನೆಗೆಲಸದ ಎರಡು ಮಾತು ಬಿಟ್ಟು ಹೆಚ್ಚು ಆಡಿದವರೇ ಅಲ್ಲ. ಸ್ನಾನ ಮಾಡಿಸುವಾಗಲೂ ಗೋಡೆ ನೋಡುತ್ತ ಕೂರುತ್ತಿದ್ದರು.

ಇವರು ನಾಲ್ಕು ಕಟ್ಟುಗಳನ್ನೂ ಬೈಸಿನ ದವಡೆಯಲ್ಲಿ ಬಿಗಿದು ಹುಷಾರಾಗಿ ಬಿಚ್ಚಿ, ಪಟ್ಟಿಗಳಿಗೆ ಗುರುತು ಹಾಕಿ ಜೋಡಿಸಿಟ್ಟು ಸೋಮವಾರ ಕಾರ್ಖಾನೆಗೆ ಹೋದರು. ಅತ್ತೆ ಸೊಂಟದ ಕೀಲಿಕೈ ಗೊಂಚಲಿನಿಂದ ಒಂದನ್ನು ಬಿಡಿಸಿ ಕೊಟ್ಟರು. ಕುಲುಮೆಯ ಬಾಗಿಲು ತೆರೆದಾಗ ಒಳಗೆ ಹಳೆ ಇದ್ದಿಲ ವಾಸನೆ, ಜೇಡರ ಬಲೆ. ಬಾಗಿಲಿಗೆ ಹತ್ತಿರದಲ್ಲೇ ಕಬ್ಬಿಣ ಬಡಿಯುವ ಅಡಿಗಲ್ಲು ಇತ್ತು. ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು.

ಮೊದಲು ನನ್ನಿಂದ ನೆಲದ ಮೇಲೆ ಇದ್ದಿಲಲ್ಲಿ ಒಂದು ಬಾಗಿದ ಗೆರೆ ಎಳೆಸಿದರು. ಆ ಗೆರೆಯನ್ನು ನಾಲ್ಕು ಸಲ ಅಳಿಸಿದರು. ಐದನೆಯದಕ್ಕೆ ತಲೆಯಾಡಿಸಿದರು. ಪ್ರತಿ ಪಟ್ಟಿಯೂ ಆ ಗೆರೆಯ ಮೇಲೆ ಕೂರಬೇಕು. ಪಟ್ಟಿಯ ಎರಡು ತುದಿಗೂ ಆಸರೆ ಕೊಟ್ಟು, ಉಬ್ಬಿದ ಬೆನ್ನಿನ ಮೇಲೆ ಸಮ್ಮಟಿಗೆಯಿಂದ ಹೊಡೆಯಬೇಕು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಡೆದೆ.

“ಅಯ್ಯೋ, ಹಪ್ಪಳ ಲಟ್ಟಿಸ್ತಿದೀಯೇನೇ? ಎತ್ತಿ ಹೊಡಿ!”

ಎತ್ತಿ ಹೊಡೆದೆ. ಸಮ್ಮಟಿಗೆ ಪುಟಿದು ನನ್ನ ಭುಜಕ್ಕೇ ಬಂತು.

“ನೋಡು, ಹಂಗೆ ಎಗರ್ಬೇಕು. ಎಗರಿದ್ರೆ ಕಬ್ಬಿಣಕ್ಕೆ ಜೀವ ಇದೆ ಅಂತ. ನಿನ್ನ ಗಂಡ ಸುಟ್ಟನಲ್ಲ, ಅದಕ್ಕೊಂದು ಹೊಡಿ.”

ಹೊಡೆದೆ. ಸಮ್ಮಟಿಗೆ ಹಸಿಮಣ್ಣಿಗೆ ಬಿದ್ದ ಹಾಗೆ ಧೊಪ್ಪೆಂದು ನಿಂತಿತು.

ಅತ್ತೆ ಜೋರಾಗಿ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವನ ಕೆಮ್ಮು ಜಾಸ್ತಿಯಾದ ಮೇಲೆ ಮೂರು ವರ್ಷ ತಿದಿ ಒತ್ತಿದವರೂ, ಸಮ್ಮಟಿಗೆ ಹೊಡೆದವರೂ ತಾವೇ ಎಂದು ಆಗ ಹೇಳಿದರು. ಗಿರಾಕಿಗಳಿಗೆ ಗೊತ್ತಾಗಬಾರದೆಂದು ಬಾಗಿಲು ಮುಂದೆ ಮಾಡಿಕೊಂಡು ಹೊಡೆಯುತ್ತಿದ್ದರಂತೆ. “ನನ್ನ ಮಗನಿಗೂ ಗೊತ್ತಿಲ್ಲ. ಅವನು ಇಸ್ಕೂಲಿಗೆ ಹೋಗಿರ್ತಿದ್ದ,” ಎಂದರು.

“ಇವತ್ತು ಬಾಗಿಲು ಮುಂದೆ ಮಾಡ್ಲಾ ಅತ್ತೆ?”

“ಬೇಡ. ಗಾಳಿ ಬರ್ಲಿ.”

ಮೊದಲ ದಿನ ಎರಡು ಪಟ್ಟಿ ಮುಗಿಯಿತು. ಅಂಗೈ ತುಂಬ ಬೊಬ್ಬೆ. ಅನ್ನ ಕಲಸಲಾಗದೆ ಕೂತಿದ್ದಾಗ ಅತ್ತೆ ಹರಳೆಣ್ಣೆ ಬಿಸಿ ಮಾಡಿಸಿ, ತಾವೇ ಹಚ್ಚಿದರು. ಪಕ್ಕದ ಮನೆಯ ತಮಿಳಿನಾಕೆ ಗೋಡೆಯಾಚೆಯಿಂದ ಬಗ್ಗಿ ನೋಡಿ, “ಏನಮ್ಮಾ, ಸೊಸೆ ಕೈಲಿ ಲಾಡ ಹೊಡೆಸ್ತೀಯಾ?” ಎಂದರೆ, “ನಿಂಗೂ ಬೇಕಾದ್ರೆ ಬಾ, ಒಂದು ಜೊತೆ ಹೊಡೆಸಿಕೊಡ್ತೀನಿ,” ಎಂದು ಅತ್ತೆ ಅಲ್ಲಿಂದಲೇ ಕೂಗಿದರು.

ಹದಿನೈದು ದಿನವಾಯಿತು. ಒಮ್ಮೊಮ್ಮೆ ಒಂದೇ ಏಟು ಹೆಚ್ಚಾಗಿ ಪಟ್ಟಿ ಗೆರೆಯಿಂದ ಕೆಳಗಿಳಿಯುತ್ತಿತ್ತು. ಆಗ ಅದನ್ನು ತಿರುವಿ ಹಾಕಿ ಮತ್ತೆ ಬಾಗಿಸಬೇಕು. ಒಂದು ಮಧ್ಯಾಹ್ನ ಹೀಗೆ ಮೂರನೆಯ ಸಲ ಆದಾಗ ನಾನು ಸಮ್ಮಟಿಗೆ ಬಿಸಾಕಿ ಅತ್ತುಬಿಟ್ಟೆ. ಅತ್ತೆ ಸಮಾಧಾನ ಮಾಡಲಿಲ್ಲ. ನಾನು ಕಣ್ಣೊರೆಸಿಕೊಳ್ಳುವವರೆಗೆ ಕಾದು, “ಎಡಗೈ ಸ್ವಲ್ಪ ಹಿಂದಕ್ಕೆ ಹಿಡಿ,” ಎಂದರು. ಹಾಗೆ ಹಿಡಿದ ಮೇಲೆ ಏಟು ಸರಿಯಾಗಿ ಬಿತ್ತು.

ಕಟ್ಟುಗಳನ್ನು ಮತ್ತೆ ಜೋಡಿಸುವ ಭಾನುವಾರ ಇವರು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ನಡುವಿನ ಸಂದು ನೋಡಿದರು. ಗ್ರೀಸು ಹಚ್ಚಿ ಬಿಗಿದರು. “ಕಾರ್ಖಾನೇಲೂ ಇಷ್ಟು ಸಮ ಬರಲ್ಲ,” ಎಂದರು. ಯಾರಿಗೆ ಹೇಳಿದರೋ ಗೊತ್ತಾಗದಂತೆ, ಪಟ್ಟಿಗಳನ್ನೇ ನೋಡುತ್ತ ಹೇಳಿದರು. ಕಲ್ಲಿನ ಮೇಲಿಂದ ಕಾರನ್ನು ಇಳಿಸಿದಾಗ ಅದು ಒಮ್ಮೆ ಮೇಲೆ ಕೆಳಗೆ ಆಡಿ ನಿಂತಿತು. ನಾನು ದಾರ ಹಿಡಿದೆ. ಮೂರು ಬೆರಳಿಗೆ ಕೂದಲೆಳೆಯಷ್ಟು ಕಡಿಮೆ ಇಳಿದಿತ್ತು.

ಪೆಟ್ರೋಲಿಗೆ ಆಗ ರೇಷನ್ ಕೂಪನ್ನು. ಮುಂದಿನ ಭಾನುವಾರದವರೆಗೆ ಕಾದೆವು. ಅತ್ತೆ ಬಾಗಿಲು ಹಿಡಿದರು, ಕಾಲೆತ್ತಿದರು, ಹಿಮ್ಮಡಿ ಫುಟ್‌ಬೋರ್ಡಿನ ಅಂಚಿಗೆ ತಾಕಿ ಮೇಲೆ ಕೂತಿತು. ಇವರು ಕೈ ಚಾಚಿದರೆ, “ದೂರ ನಿಲ್ಲು,” ಎಂದರು. ಒಳಗೆ ಕೂತು ಸೀರೆ ಸರಿಮಾಡಿಕೊಂಡ ಮೇಲೆ ಅವರ ಉಸಿರು ಜೋರಾಗಿ ಕೇಳುತ್ತಿತ್ತು.

ದಾರಿಯುದ್ದಕ್ಕೂ ಹೊಟ್ಟೆ ಬಡಿಯಲಿಲ್ಲ. ಕೆ.ಆರ್. ಪುರದ ಮನೆಯ ಮುಂದೆ ನಿಂತಾಗ ಅತ್ತೆ ಇಳಿಯಲಿಲ್ಲ. “ಹತ್ತಿದ್ದು ಸಾಕು. ಇನ್ನೊಂದ್ಸಲ ಹತ್ತೋ ತ್ರಾಣ ಇಲ್ಲ. ಅವಳನ್ನೇ ಕರೀರಿ.” ಒಳಗಿನಿಂದ ಅವರ ತಂಗಿ ಏದುಸಿರು ಬಿಡುತ್ತ ಬಂದು, ಅಕ್ಕನನ್ನು ನೋಡಿ, ಹಿಂದಿನ ಬಾಗಿಲಿನಿಂದ ಹತ್ತಿ ಕೂತರು. ಅವರಿಗೂ ಅದು ಸುಲಭವಾಗಿಯೇ ಆಯಿತು. ನಾವಿಬ್ಬರೂ ಹುಣಸೆಮರದ ನೆರಳಿಗೆ ಹೋದೆವು. ಎರಡು ಗಂಟೆ ಅಕ್ಕತಂಗಿಯರು ಕಾರಿನಲ್ಲೇ ಕೂತು ಮಾತಾಡಿದರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಒಮ್ಮೆ ಅಳು, ಮರುಕ್ಷಣ ನಗು ಕೇಳಿಸುತ್ತಿತ್ತು. ಬೀದಿಯವರು ಬಂದು ಕಿಟಕಿಯಲ್ಲಿ ಇಣುಕಿ ಕ್ಷೇಮ ಕೇಳಿ ಹೋದರು.

ಅತ್ತೆ ಅನಂತರ ನಾಲ್ಕು ವರ್ಷ ಇದ್ದರು. ತಂಗಿ ಇರುವವರೆಗೆ ತಿಂಗಳಿಗೊಮ್ಮೆ ಆ ಕಾರು ಕೆ.ಆರ್. ಪುರಕ್ಕೆ ಹೋಗಿಬರುತ್ತಿತ್ತು. ಎರಡನೆಯ ವರ್ಷ ತಂಗಿ ತೀರಿಕೊಂಡಾಗಲೂ ಅತ್ತೆ ಅದರಲ್ಲೇ ಹೋದರು. ಅಂದು ಮಾತ್ರ ಕೆಳಗಿಳಿದರು, ಹಿಂದಿರುಗುವಾಗ ಯಾರ ಕೈಯನ್ನೂ ಹಿಡಿಯದೆ ತಾವೇ ಹತ್ತಿದರು.