ಟೆಂಪಿಯ ವಾಯಿದೆಗಳು

ಅಡುಗೆಯ ಗುಲಾಮ ಹೆಂಗಸು ಟೆಂಪಿಯನ್ನು ಅವಳ ಯಜಮಾನ ಹೊರೇಶಿಯೊ ಬಿಬ್ ಎರಡು ಬ್ಯಾಂಕುಗಳಿಗೆ ಅಡಮಾನ ಇಟ್ಟಿದ್ದ. ಒಂದೇ ಹೇಸರಗತ್ತೆಯನ್ನು ಇಬ್ಬರಿಗೆ ಮಾರಿದವನನ್ನು ಮಿಸಿಸಿಪ್ಪಿಯಲ್ಲಿ ಕಳ್ಳ ಅನ್ನುತ್ತಾರೆ. ಬಿಬ್ ಇನ್ನೂರು ಎಕರೆ ಹತ್ತಿ ಬೆಳೆಯುತ್ತಿದ್ದುದರಿಂದ ಅವನನ್ನು ದೊಡ್ಡ ಮನುಷ್ಯ ಅನ್ನುತ್ತಿದ್ದರು. ಹತ್ತಿಯ ಬೆಲೆ ಮಣ್ಣುಪಾಲಾದ ವರ್ಷ ಎರಡೂ ಬ್ಯಾಂಕುಗಳು ಕೋರ್ಟಿಗೆ ಓಡಿದವು. ತೀರ್ಪು ಬರುವ ತನಕ ಅಡವಿಟ್ಟದ್ದೆಲ್ಲ ಜಿಲ್ಲೆಯ ಪೊಲೀಸು, ಜೈಲು ನೋಡಿಕೊಳ್ಳುವ ಶೆರೀಫನ ವಶದಲ್ಲಿರಲಿ ಎಂದು ಹುಕುಂ ಆಯಿತು. ಹಾಗೆ ಜಪ್ತಿಯಾದದ್ದು ನಾಲ್ಕು ಹೇಸರಗತ್ತೆ, ಹತ್ತಿಯಿಂದ ಬೀಜ ಬಿಡಿಸುವ ಒಂದು ಯಂತ್ರ, ಟೆಂಪಿ ಮತ್ತು ಅವಳ ಒಂಬತ್ತು ವರ್ಷದ ಮಗಳು ಲೆಟಿ.

ಜಪ್ತಿಯಾದ ಗುಲಾಮರನ್ನು ಜೈಲಿನಲ್ಲಿಡಬೇಕು. ಆದರೆ ಶೆರೀಫ ಕ್ರಡಪ್‌ನ ಹೆಂಡತಿ ಬೇಯಿಸಿದ್ದನ್ನು ಅವನ ನಾಯಿಯೂ ಮೂಸುತ್ತಿರಲಿಲ್ಲ. ಜೈಲಿನ ಗೋಡೆ ಭದ್ರವಿಲ್ಲ ಎಂದು ಕೋರ್ಟಿಗೆ ಬರೆದ ಆ ಕರ್ತವ್ಯನಿಷ್ಠ, ಆಸ್ತಿಯ ಸುರಕ್ಷತೆಗಾಗಿ ಟೆಂಪಿಯನ್ನು ಮಗಳ ಸಮೇತ ತನ್ನ ಮನೆಯ ಒಲೆಯ ಮುಂದೆ ತಂದು ನಿಲ್ಲಿಸಿದ.

ಟೆಂಪಿಗಿದ್ದದ್ದು ಒಂದೇ ಭಯ. ದಾವೆ ಮುಗಿದರೆ ಹರಾಜು. ಹರಾಜಿನಲ್ಲಿ ತಾಯಿ ಒಂದು ದಿಕ್ಕು, ಮಗಳು ಒಂದು ದಿಕ್ಕು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಯಾರೂ ಗೆಲ್ಲದೆ, ಯಾರೂ ಸೋಲದೆ ಇರಲಪ್ಪಾ ಎಂದು ದೇವರಿಗೆ ಮೊರೆಯಿಟ್ಟವಳು ಆ ಜಿಲ್ಲೆಗೆಲ್ಲ ಅವಳೊಬ್ಬಳೇ.

ವರ್ಷಕ್ಕೆ ಎರಡು ಸಲ ಕೋರ್ಟು ಕೂಡಿದಾಗ ನ್ಯಾಯಾಧೀಶ ವಿಟಾಕರ್ ಮತ್ತು ಎರಡೂ ಕಡೆಯ ವಕೀಲರು ಶೆರೀಫನ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದರು. ಹಗಲೆಲ್ಲ ಕಚ್ಚಾಡಿದವರು ಸಂಜೆ ಒಂದೇ ತಟ್ಟೆಗೆ ಕೈ ಹಾಕುತ್ತಿದ್ದರು. ಹೊಟ್ಟೆ ಬಿರಿಯ ಉಂಡವರಿಗೆ ಮರುದಿನ ಕಾಗದಪತ್ರ ನೋಡಲು ಕಣ್ಣೇ ಬಿಡಲಾಗುವುದಿಲ್ಲ, ಕೇಸು ಮುಂದಿನ ವಾಯಿದೆಗೆ ಹೋಗುತ್ತದೆ ಎಂಬುದನ್ನು ಟೆಂಪಿ ಮೊದಲ ಸಲವೇ ಗಮನಿಸಿದಳು. ಆಮೇಲೆ ಅವಳು ಬೆಣ್ಣೆಗೆ ಕೈ ಬಿಗಿಹಿಡಿಯಲಿಲ್ಲ. ಹುರಿದ ಕೋಳಿ, ಬೇಯಿಸಿದ ಹಂದಿತೊಡೆ, ಬಿಸಿ ಮೆಕ್ಕೆಜೋಳದ ರೊಟ್ಟಿ, ಪೀಚ್ ಹಣ್ಣಿನ ಸಿಹಿ. ಅತ್ತ ವಕೀಲರ ಫೀಸು ಏರಿತು, ಹೊಟ್ಟೆಯೂ ಏರಿತು. ಮೂರು ವರ್ಷ ಅವಳು ಮಗಳನ್ನು ಸೌಟು ಹಿಡಿದೇ ಕಾಪಾಡಿದಳು.

ಕೊನೆಗೆ ಆ ಕೈರುಚಿಯೇ ಮುಳುವಾಯಿತು.

“ಇಂಥಾ ಅಡಿಗೆ ವರ್ಷಕ್ಕೆ ಎರಡೇ ಸಲ ಉಣ್ಣೋದಂದ್ರೆ ಅನ್ಯಾಯ ಕಣಯ್ಯಾ ಕ್ರಡಪ್,” ಎಂದ ವಿಟಾಕರ್, ಬೆರಳು ನೆಕ್ಕುತ್ತ.

ಅನ್ಯಾಯ ಕಂಡರೆ ಸಹಿಸುವ ಮನುಷ್ಯ ಅವನಲ್ಲ. ಮೂರು ವರ್ಷದ ದಾವೆಗೆ ಮರುದಿನ ಬೆಳಿಗ್ಗೆಯೇ ತೀರ್ಪು ಕೊಟ್ಟ. ಹರಾಜಿನಲ್ಲಿ ನ್ಯಾಯಾಧೀಶನ ಪರವಾಗಿ ಟೆಂಪಿಯನ್ನು ಕೂಗಿದವನು ಅವನ ಭಾವಮೈದುನ. ಅವನ ಮೇಲೆ ಸವಾಲು ಏರಿಸುವ ಗಂಡಸು ಆ ಊರಿನಲ್ಲಿರಲಿಲ್ಲ. ಟೆಂಪಿ ಎಲ್ಲರೆದುರೇ ನ್ಯಾಯಾಧೀಶನ ಕಾಲು ಹಿಡಿದಳು.

“ಬುದ್ದೀ, ಕೂಸನ್ನೂ ನನ್ ಜೊತೇಲೇ ತಗೊಳ್ಳಿ. ನನ್ ತುತ್ತಲ್ಲೇ ಅರ್ಧ ಅದಕ್ಕೆ ಹಾಕ್ತೀನಿ, ನಿಮ್ಗೇನೂ ಖರ್ಚು ಬರಲ್ಲ.”

“ನನ್ನ ಕೈಲೇನಿದೆ ಟೆಂಪಿ? ಕಾನೂನು ಅಂದ್ರೆ ಕಾನೂನು. ಮೊದ್ಲು ಶೆರೀಫನ ಲೆಕ್ಕ ತೀರ್ಬೇಕು,” ಎಂದ ವಿಟಾಕರ್.

ನೆನೆದರೆ ಹೊಟ್ಟೆ ಉರಿಯುತ್ತದೆ. ಜಪ್ತಿಯಾದ ಗುಲಾಮರಿಗೆ ಮೂರು ವರ್ಷ ಊಟ ಹಾಕಿ ಕಾದದ್ದಕ್ಕೆ ಶೆರೀಫ ಕೋರ್ಟಿಗೆ ಬಿಲ್ಲು ಕೊಟ್ಟಿದ್ದ. ಅವನ ಮನೆಮಂದಿಗೆಲ್ಲ ಬೇಯಿಸಿ ಬಡಿಸಿದ ಮೇಲೆ ಅವಳು ತಳ ಕೆರೆದು ಉಂಡದ್ದೂ ಅದರಲ್ಲಿತ್ತು. ಕೋರ್ಟು ಲೆಟಿಯನ್ನು ನ್ಯೂ ಆರ್ಲಿಯನ್ಸ್‌ನ ದಲ್ಲಾಳಿಗೆ ಮಾರಿತು. ಬಂದ ಹಣದಲ್ಲಿ, ತಾಯಿ ಮಗಳಿಬ್ಬರನ್ನೂ ಜೋಪಾನವಾಗಿ ಇಟ್ಟುಕೊಂಡ ಖರ್ಚನ್ನು ಶೆರೀಫನಿಗೆ ಕೊಟ್ಟಿತು.