ತೋಟದಲ್ಲಿ ನಿಂತ ದೋಣಿಯ ಪಾಯಿಖಾನೆ

ಆ ಗಾಳಿಕೊಳವೆಯ ಬಿರಡೆ ತೆಗೆಯಿರಿ ಎಂದು ಮೊದಲು ಹೇಳಿದವನು ನಾನೇ ಎಂದು ಬಹಳ ದಿನ ನಂಬಿದ್ದೆ. ಈಗ ಆ ನಂಬಿಕೆ ಸಡಿಲಾಗಿದೆ. ಅಕ್ಕನ ಪ್ರಕಾರ ಹೇಳಿದವಳು ಅವಳು. ಭಾವನ ಪ್ರಕಾರ ಯಾರೂ ಹೇಳಲಿಲ್ಲ, ಅವರಿಗೇ ಹೊಳೆಯಿತು. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಬಂದ ಮೇಲೆ ಊರಿನ ದೆವ್ವಗಳನ್ನೂ ಶಕುನಗಳನ್ನೂ ಅನುಮಾನಿಸುತ್ತ ಬಂದವನು ನಾನು. ನನ್ನ ನೆನಪನ್ನು ಮಾತ್ರ ಸಾಕ್ಷಿ ಕೇಳದೆ ಒಪ್ಪಿಕೊಂಡುಬಿಟ್ಟಿದ್ದೆ. ಅದನ್ನು ಅಲುಗಾಡಿಸಿದ್ದು ಒಂದು ಪಾಯಿಖಾನೆ. ಅದೂ ಹಾಯಿದೋಣಿಯ ಪಾಯಿಖಾನೆ. ದೋಣಿ ಇದ್ದದ್ದಾದರೂ ಎಲ್ಲಿ? ಹಾರನಹಳ್ಳಿಯ ತೆಂಗಿನ ತೋಟದಲ್ಲಿ.

ಭಾವ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಅರವತ್ತು ದಾಟಿದ ಮೇಲೆ ಅವರಿಗೆ ಸಮುದ್ರದ ಹುಚ್ಚು ಹಿಡಿಯಿತು. ಕರಾವಳಿಯಲ್ಲಿ ಯಾರೋ ಮಾರಲಿಟ್ಟಿದ್ದ ಹಳೆಯ ಹಾಯಿದೋಣಿ ಕೊಂಡರು. ರಿಪೇರಿ ಕಣ್ಣೆದುರೇ ಆಗಬೇಕೆಂದು ಅದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದು ತೋಟದಲ್ಲಿ ನಿಲ್ಲಿಸಿದರು. ಊರಿನವರು ಬಂದು ಸುತ್ತು ಹಾಕಿ, ಪ್ರಳಯದ ಮಳೆ ಬರುತ್ತದೆಂದು ಗೌಡರಿಗೆ ಮೊದಲೇ ಸುದ್ದಿ ಬಂದಿರಬೇಕು ಎಂದು ಭಾವನನ್ನು ನೋಡಿ ನಕ್ಕು ಹೋದರು. ನಾನು ನಗಲಿಲ್ಲ. ಮರುದಿನದಿಂದಲೇ ಸ್ಪ್ಯಾನರ್ ಹಿಡಿದು ಅಲ್ಲಿದ್ದೆ. ನನ್ನಂಥ ನಿಂತಲ್ಲಿ ನಿಲ್ಲದವನಿಗೆ ಚಲಿಸದ ದೋಣಿಯೂ ಒಂದು ಪ್ರಯಾಣವೇ.

ಅಕ್ಕನ ಷರತ್ತು ಒಂದೇ. "ಹಾಯಿ, ಚುಕ್ಕಾಣಿ ಎಲ್ಲ ಆಮೇಲೆ ನೋಡ್ಕೊಳಿ ಕಣ್ರೀ. ಮೊದ್ಲು ಆ ಪಾಯಿಖಾನೆ ವಾಸ್ನೆ ಹೋಗ್ಲಿ. ಅದು ಹೋಗ್ದಿದ್ರೆ ನಾನು ಬರಾಕಿಲ್ಲ."

ಭಾವನಿಗೆ ಅವಳಿಲ್ಲದ ಸಮುದ್ರ ಬೇಡವಾಗಿತ್ತು. ಅವಳ ಮಾತು ಹಟ ಎಂದು ತೋರಬಹುದು, ಆದರೆ ನನಗೆ ಅದರ ಹಿನ್ನೆಲೆ ಗೊತ್ತು. ಬೇಲೂರಿಗೆ ಬಸ್ಸು ಹತ್ತಬೇಕಾದ ದಿನ ಅಕ್ಕ ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ. ನೆಂಟರನ್ನು ಹಳೇಬೀಡಿಗೆ ಕರೆದುಕೊಂಡು ಹೋದರೆ ಎಲ್ಲರೂ ಎಳನೀರು ಕುಡಿಯುವಾಗ ಅವಳಿಗೆ ಮಾತ್ರ ಬಾಯಾರಿಕೆ ಇರುತ್ತಿರಲಿಲ್ಲ. ಗಂಡಸರಿಗೆ ದೂರವನ್ನು ಮೈಲಿಗಲ್ಲು ಹೇಳುತ್ತದೆ. ಹೆಂಗಸರ ದೂರ ಚಿಲಕವಿರುವ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ. ಕಾಶಿ, ರಾಮೇಶ್ವರ, ಎಲ್ಲವನ್ನೂ ಅವಳು ಈ ಲೆಕ್ಕದಲ್ಲೇ ಬಿಟ್ಟಿದ್ದಳು.

ದೋಣಿಯ ಪಾಯಿಖಾನೆ ಸ್ವಾರಸ್ಯದ ಯಂತ್ರ. ಕೈಪಂಪು ಒತ್ತಿದರೆ ಎಲ್ಲವೂ ಪೈಪಿನಲ್ಲಿ ಹೋಗಿ ದೋಣಿಯ ಹೊಟ್ಟೆಯೊಳಗಿನ ತೊಟ್ಟಿ ಸೇರುತ್ತದೆ. ದಂಡೆಯ ಹತ್ತಿರ ಅದನ್ನು ನೀರಿಗೆ ಬಿಡಬಾರದು, ಆದ್ದರಿಂದ ಹಿಡಿದಿಡಬೇಕು. ಮನುಷ್ಯ ಬೇಕಾದದ್ದನ್ನು ಕೂಡಿಡುವುದಕ್ಕೆ ಹಗೇವು, ಕಣಜ ಕಟ್ಟಿ ಸಾವಿರಾರು ವರ್ಷವಾಯಿತು. ಬೇಡದ್ದನ್ನು ಮರ್ಯಾದೆಯಿಂದ ಇಟ್ಟುಕೊಳ್ಳುವುದನ್ನು ಮಾತ್ರ ಇನ್ನೂ ಕಲಿಯುತ್ತಿದ್ದಾನೆ.

ವಾಸನೆ ಎಲ್ಲಿಂದ ಎಂಬ ಶೋಧನೆಯನ್ನು ನಾನು ವಿಧಿವತ್ತಾಗಿ ಆರಂಭಿಸಿದೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಪೈಪಿಗೆ ಸುತ್ತಬೇಕು, ಆರಿದ ಮೇಲೆ ಬಟ್ಟೆ ಮೂಸಬೇಕು. ನಾತ ಬಂದರೆ ಪೈಪೇ ಅದನ್ನು ಕುಡಿದಿದೆ ಎಂದರ್ಥ. ಮೂವರೂ ಒಂದೇ ಬಟ್ಟೆ ಮೂಸಿದೆವು. ನನಗೆ ನಾತ, ಭಾವನಿಗೆ ಏನೂ ಇಲ್ಲ, ಅಕ್ಕನಿಗೆ ಭಾವನ ನಶ್ಯ. ಆದರೂ ಹಳೆಯ ಪೈಪು ಕಿತ್ತು ಹೊಸದು ಹಾಕಿದೆವು. ಪಂಪಿನೊಳಗೆ ಸುಣ್ಣದಂತೆ ಗಟ್ಟಿಕಟ್ಟಿದ್ದನ್ನು ಹುಳಿನೀರಿನಲ್ಲಿ ನೆನೆಸಿ ಕೆರೆದೆವು. ರಬ್ಬರಿನ ಕವಾಟ ಬದಲಾಯಿಸಿದೆವು. ಪರೀಕ್ಷೆಗೆಂದು ತೊಟ್ಟಿಗೆ ನೀರು, ಸಗಣಿ ಕಲಸಿ ಸುರಿದು ವಾರ ಬಿಟ್ಟು ನೋಡಿದರೆ ವಾಸನೆ ಮೊದಲಿಗಿಂತ ಜೋರು.

ಆಗಲೇ ಬಿರಡೆ ತೆಗೆಯುವ ಆ ಮಾತು ಬಂದದ್ದು, ಯಾರ ಬಾಯಿಂದಲೋ. ತೊಟ್ಟಿಯಿಂದ ಹೊರಕ್ಕೆ ಒಂದು ಗಾಳಿಕೊಳವೆ ಇದೆ. ವಾಸನೆ ಅದರಿಂದಲೇ ಬರುತ್ತದೆಂದು ಭಾವ ಅದಕ್ಕೆ ಬಿರಡೆ ಜಡಿದು ಅಂಟು ಬಳಿದಿದ್ದರು. ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಗಾಳಿಯಾಡದ ಅಟ್ಟದಲ್ಲಿ ಕಾಯಿ ಕೊಬ್ಬರಿಯಾಗುವುದಿಲ್ಲ, ಕೊಳೆಯುತ್ತದೆ. ಆದ್ದರಿಂದಲೇ ಅಟ್ಟಕ್ಕೆ ಸಂದು ಬಿಟ್ಟು ಹಲಗೆ ಹಾಸುವುದು. ತೊಟ್ಟಿಗೂ ಅದೇ ನ್ಯಾಯ. ಗಾಳಿ ಸಿಕ್ಕರೆ ಒಳಗಿನ ಜೀವಾಣುಗಳು ಸದ್ದಿಲ್ಲದೆ ಕೆಲಸ ಮಾಡುತ್ತವೆ, ಉಸಿರುಕಟ್ಟಿದರೆ ಬೇರೆ ಜಾತಿಯವು ಹುಟ್ಟಿ ನಾತ ಎಬ್ಬಿಸುತ್ತವೆ. ಮೂರು ತಲೆಮಾರು ಕೊಬ್ಬರಿ ಒಣಗಿಸಿದವರು ನಾವು, ದೋಣಿ ಎಂದ ಕೂಡಲೇ ಎಲ್ಲವನ್ನೂ ಮರೆತಿದ್ದೆವು. ಬಿರಡೆ ಕಿತ್ತು ದಪ್ಪನೆಯ ಕೊಳವೆ ಹಾಕಿದೆವು. ಕೆಲವು ದಿನಗಳಲ್ಲಿ ವಾಸನೆ ಇಳಿಯಿತು. ನಾನು ತೋಟದಲ್ಲಿ ಕುಣಿದೆನಂತೆ. ನನಗೆ ನೆನಪಿಲ್ಲ.

ಅಕ್ಕ ಮಾತ್ರ ಒಪ್ಪಲಿಲ್ಲ. "ನಿಂತಿರೋ ದೋಣಿ ಕಣೋ ಇದು. ಅಲ್ಲಾಡ್ದಾಗ ನೋಡೋಣ."

ತೊಟ್ಟಿ ತೊಳೆದು, ಒಣಗಿಸಿ, ದೋಣಿಯನ್ನು ಲಾರಿಗೇರಿಸಿ ಕರಾವಳಿಗೆ ಹೊರಡಿಸಿದೆವು. ಭಾವ ಲಾರಿಯಲ್ಲಿ, ಬೇಲೂರಿನವರೆಗೆ ಬೀಳ್ಕೊಡಲು ನಾನೂ ಅಕ್ಕನೂ ಕಾರಿನಲ್ಲಿ. ಹಳೇಬೀಡಿನಲ್ಲಿ ಕೆಳಕ್ಕೆ ಜೋತುಬಿದ್ದಿದ್ದ ವಿದ್ಯುತ್ ತಂತಿ ಅಡ್ಡವಾಗಿ ಲಾರಿ ನಿಂತಿತು. ಲೈನ್‌ಮನ್ ಬರಬೇಕು. ಹೊಯ್ಸಳರ ಕಾಲದಲ್ಲಿ ಈ ಊರು ದೋರಸಮುದ್ರ. ಸಮುದ್ರ ಕಾಣದ ಸೀಮೆಯ ರಾಜಧಾನಿ ಕೆರೆಯೊಂದರ ನೆಪದಲ್ಲಿ ಸಮುದ್ರವನ್ನು ಹೆಸರಿನಲ್ಲಿ ಇಟ್ಟುಕೊಂಡಿತ್ತು. ಅಲ್ಲಿಗೆ ಕೊನೆಗೂ ಒಂದು ಹಾಯಿದೋಣಿ ಬಂದು ನಿಂತಿತ್ತು. ಪ್ರವಾಸಿಗಳು ದೇವಸ್ಥಾನಕ್ಕೆ ಬೆನ್ನು ಹಾಕಿ ದೋಣಿಯ ಫೋಟೋ ತೆಗೆಯುತ್ತಿದ್ದರು.

ಹೊತ್ತು ಏರಿತು. ಅಕ್ಕ ಕಾರಿನಲ್ಲಿ ಅಲುಗದೆ ಕೂತಿದ್ದಳು. ಸುತ್ತ ಕೇಳಿಬಂದೆ, ಹತ್ತಿರದ ಶೌಚಾಲಯಕ್ಕೆ ಬೀಗ. ಅವಳು ಒಮ್ಮೆ ದೋಣಿಯ ಕಡೆ ನೋಡಿದಳು. ಇಳಿದಳು. ಸೆರಗು ಸಿಕ್ಕಿಸಿಕೊಂಡು, "ಏಣಿ ಹಿಡ್ಕೊಳ್ರೀ," ಎಂದು ಭಾವನಿಗೆ ಹೇಳಿ ಹತ್ತಿಯೇ ಬಿಟ್ಟಳು. ಒಳಗಿನಿಂದ ಚಿಲಕದ ಸದ್ದು ಬಂತು. ಭಾವ ಏಣಿ ಹಿಡಿದು ಆಕಾಶ ನೋಡುತ್ತ ನಿಂತರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಮುಖ ಅವರದು.

ಬಹಳ ಹೊತ್ತಿನ ಮೇಲೆ ಅಕ್ಕ ಹೊರಬಂದಳು. ಇಳಿಯದೆ ಮೇಲೇ ನಿಂತು ಕೆರೆಯ ಕಡೆ ನೋಡಿದಳು. ಆಮೇಲೆ ಕೆಳಗೆ ಬಗ್ಗಿ, "ಸಮುದ್ರಕ್ಕೆ ಯಾವತ್ತು ಹೊರಡೋದು?" ಎಂದಳು.

ಇದು ನನ್ನ ನೆನಪು. ಭಾವನ ಪ್ರಕಾರ ಅವಳು ಕೇಳಿದ್ದು ಲೈನ್‌ಮನ್ ಬಂದನೇ ಎಂದು. ನಾನು ಏನನ್ನೂ ಕೇಳಲೇ ಇಲ್ಲ, ಗಾಳಿಗೆ ನಿಂತಿದ್ದೆ ಅಷ್ಟೆ, ಮೇಲೆ ಹತ್ತಿದ್ದೂ ಸುಮ್ನೆ ದೋಣಿ ನೋಡೋಕೆ ಎನ್ನುತ್ತಾಳೆ ಅಕ್ಕ. ಮೂರರಲ್ಲಿ ಯಾವುದು ನಿಜವೋ, ಈಗ ಹಟ ಹಿಡಿಯುವುದಿಲ್ಲ. ಒಂದನ್ನು ಮಾತ್ರ ಪರೀಕ್ಷಿಸಿದೆ. ಘಟ್ಟ ಇಳಿದು ದೋಣಿ ದಂಡೆ ಮುಟ್ಟಿದ ಮೇಲೆ ಭಾವನಿಗೆ ಫೋನ್ ಮಾಡಿ, ತೊಟ್ಟಿಯ ಮುಚ್ಚಳ ತೆಗೆದು ನೋಡಿ ಎಂದೆ. ನೋಡಿ ಬಂದರು. ವಾಸನೆ ಇರಲಿಲ್ಲ. ತೊಟ್ಟಿ ಖಾಲಿಯೂ ಇರಲಿಲ್ಲ.